ಬೇಸ್‌ಬಾಲ್‌ನವರ ಚಾಲೆಂಜ್ ನಮ್ಮ ಡಿಆರ್‌ಎಸ್‌ಗಿಂತ ಲಾಯ್ಕ ಉಂಟು

2026ರ ಸೀಸನ್‌ನಿಂದ ಅಮೆರಿಕಾದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸ್ಟ್ರೈಕಾ ಬಾಲಾ ಅಂತ ಅಂಪೈರ್ ಹೇಳಿದ್ದನ್ನ ಆಟಗಾರ ಅಲ್ಲಿಯೇ ನಿಂತು ಪ್ರಶ್ನೆ ಮಾಡ್ಬಹುದು, ಕ್ಯಾಮೆರಾ ಉತ್ತರ ಕೊಡ್ತದೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದರಲ್ಲಿ ಎಂತ ಹೊಸತು ಅಂತ ಅನಿಸ್ಬಹುದು, ಆದ್ರೆ ಬೇಸ್‌ಬಾಲ್‌ನಲ್ಲಿ ಆ ಒಂದು ವಿಷಯಕ್ಕೆ ಇಷ್ಟು ವರ್ಷ ಯಾರೂ ಬಾಯಿ ಹಾಕುವ ಹಾಗೇ ಇರ್ಲಿಲ್ಲ. ರನ್ನರ್ ಔಟಾ ಸೇಫಾ ಅಂತ 2014ರಿಂದ ವಿಡಿಯೋ ನೋಡ್ತಾ ಇದ್ರು, ಅದು ಬೇರೆ. ಸ್ಟ್ರೈಕು ಬಾಲು ಅಂತ ಅಂಪೈರ್ ಹತ್ರ ಜಗಳಕ್ಕೆ ನಿಂತ್ರೆ ಮಾತ್ರ ಸೀದಾ ಗ್ರೌಂಡಿಂದ ಹೊರಗೆ, ಮ್ಯಾನೇಜರ್ ಆದ್ರೂ ಅಷ್ಟೆ.

ನನ್ನ ದೊಡ್ಡಮ್ಮನ ಮಗ ನ್ಯೂಜೆರ್ಸಿಯಲ್ಲಿ ಇರುದು, ಅವನಿಂದಾಗಿ ನನಗೆ ಈ ಆಟದ ಹುಚ್ಚು ಹಿಡಿದದ್ದು, ಅಲ್ಲಿ ಸಂಜೆ ಏಳು ಗಂಟೆಗೆ ಶುರು ಆಗುವ ಮ್ಯಾಚ್ ನಮಗೆ ಬೆಳಿಗ್ಗೆ ನಾಲ್ಕೂವರೆಗೆ ಬರ್ತದೆ, ಬೇಗ ಏಳುವವರಿಗೆ ಒಳ್ಳೇ ಟೈಮು. ಮತ್ತೆ ನಾನು ನಮ್ಮ ಕಡೆಯ ಪಂದ್ಯಾಟಗಳಲ್ಲಿ ಅಂಪೈರ್ ಆಗಿ ನಿಲ್ಲುವವ, ಪಡುಬಿದ್ರಿ ಕಾಪು ಕಟಪಾಡಿ ಆ ಬದಿಯ ಟೆನಿಸ್ ಬಾಲ್ ಟೂರ್ನಮೆಂಟ್‌ಗಳಲ್ಲಿ. ಹಾಗಾಗಿ ಈ ವಿಷಯ ನನಗೆ ಬರೀ ಟಿವಿಯಲ್ಲಿ ನೋಡಿ ಬಿಡುವಂಥದ್ದಲ್ಲ.

ಆಟ ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ತೇನೆ. ಪಿಚರ್ 60 ಅಡಿ 6 ಇಂಚು ದೂರದಿಂದ ಎಸೀತಾನೆ, ನಮ್ಮ ಪಿಚ್ಚಿಗಿಂತ ಸ್ವಲ್ಪ ಕಡಿಮೆ. ಬ್ಯಾಟರ್ ಪಕ್ಕದಲ್ಲಿ ನೆಲದಲ್ಲಿ ಒಂದು ಬಿಳಿ ರಬ್ಬರ್ ಪ್ಲೇಟ್, 17 ಇಂಚು ಅಗಲ. ಆ ಪ್ಲೇಟಿನ ಮೇಲೆ, ಮೊಣಕಾಲಿನ ಕೆಳಗಿಂದ ಎದೆಯ ಹತ್ರದವರೆಗೆ ಗಾಳಿಯಲ್ಲಿ ಒಂದು ಪೆಟ್ಟಿಗೆ ಉಂಟು ಅಂತ ಲೆಕ್ಕ. ಬ್ಯಾಟರ್ ಹೊಡೀಲಿಕ್ಕೆ ಹೋಗದೆ ಬಿಟ್ಟ ಚೆಂಡು ಆ ಪೆಟ್ಟಿಗೆಯ ಒಳಗಿಂದ ಹೋದ್ರೆ ಸ್ಟ್ರೈಕ್, ಹೊರಗಿಂದ ಹೋದ್ರೆ ಬಾಲ್. ಮೂರು ಸ್ಟ್ರೈಕ್ ಆದ್ರೆ ಔಟ್, ನಾಲ್ಕು ಬಾಲ್ ಆದ್ರೆ ಬ್ಯಾಟರ್‌ಗೆ ಪುಕ್ಕಟೆ ಫಸ್ಟ್ ಬೇಸ್, ಅಂದ್ರೆ ರನ್ನಿಗೆ ಓಡುವ ದಾರಿಯ ಮೊದಲ ನಿಲ್ದಾಣ. ಕಂಬಳದಲ್ಲಿ ಕನೆ ಹಲಗೆ ನೋಡಿದವ್ರಿಗೆ ಇದರ ಕಷ್ಟ ಬೇಗ ಅರ್ಥ ಆಗ್ತದೆ. ಅಲ್ಲಿ ನೀರು ಹಾರಿ ಮೇಲೆ ಕಟ್ಟಿದ ನಿಶಾನೆಗೆ ಮುಟ್ಟಬೇಕು, ಆರೂವರೆ ಕೋಲು ಏಳೂವರೆ ಕೋಲು ಅಂತ ಎತ್ತರ ಮೊದಲೇ ಗೊತ್ತುಂಟು, ಬಟ್ಟೆ ಎಲ್ಲರಿಗೂ ಕಾಣ್ತದೆ. ಬೇಸ್‌ಬಾಲ್ ಅಂಪೈರಿಗೆ ಆ ಬಟ್ಟೆಯೇ ಇಲ್ಲ! ಗಂಟೆಗೆ 150 ಕಿಲೋಮೀಟರ್ ಸ್ಪೀಡಲ್ಲಿ, ಕೈ ಬಿಟ್ಟ ಸುಮಾರು 0.4 ಸೆಕೆಂಡಿಗೆ ಬಂದು ಮುಟ್ಟುವ ಚೆಂಡು, ಅದೂ ಕೊನೇ ಗಳಿಗೆಯಲ್ಲಿ ತಿರುಗುವಂಥದ್ದು, ನಮ್ಮ ಕೀಪರ್ ಹಾಗೆ ಚೆಂಡು ಹಿಡಿಯುವ ಕ್ಯಾಚರ್‌ನ ಬೆನ್ನ ಹಿಂದೆ ಬಗ್ಗಿ ನಿಂತು ಇಲ್ಲದ ಪೆಟ್ಟಿಗೆಗೆ ತಾಗಿತಾ ಇಲ್ವಾ ಅಂತ ಹೇಳ್ಬೇಕು, ಮ್ಯಾಚಿಗೆ ನೂರಕ್ಕಿಂತ ಹೆಚ್ಚು ಸಲ. ಅಷ್ಟಾಗಿಯೂ ಮೇಜರ್ ಲೀಗ್ ಅಂಪೈರ್‌ಗಳು ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಸಲ ಸರಿಯೇ ಹೇಳ್ತಾರೆ. ಇದನ್ನ ಮೊದಲು ಒಪ್ಪಿಕೊಳ್ಳದೆ ಮಷಿನ್ ಬಗ್ಗೆ ಮಾತಾಡುದು ನನಗೆ ಸರಿ ಕಾಣುದಿಲ್ಲ.

ಈಗ ಮಷಿನ್ ವಿಷಯ. ಹೆಸರು ಎಬಿಎಸ್, ಆಟೊಮೇಟೆಡ್ ಬಾಲ್ ಸ್ಟ್ರೈಕ್ ಅಂತ, ಹಿಂದೆ ಕೆಲಸ ಮಾಡುದು ಹಾಕ್‌ಐ, ಅದೇ ನಮ್ಮ ಎಲ್‌ಬಿ ತೋರಿಸುವ ಹಾಕ್‌ಐ. 2001ರಲ್ಲಿ ಇಂಗ್ಲೆಂಡಿನ ಟಿವಿಯವರು ಕ್ರಿಕೆಟ್ಟಿಗಾಗಿ ಮೊದಲು ಬಳಸಿದ್ದು ಇದು, ಈಗ ಬೇಸ್‌ಬಾಲಿಗೆ ಹೋಗಿದೆ. ಒಂದೊಂದು ಗ್ರೌಂಡಿನ ಸುತ್ತ 12 ಕ್ಯಾಮೆರಾ. ಪೆಟ್ಟಿಗೆಯ ಅಗಲ ಪ್ಲೇಟಿನಷ್ಟೇ, 17 ಇಂಚು. ಎತ್ತರಕ್ಕೆ ಅವರು ಮಾಡಿದ್ದು ನನಗೆ ಭಾರೀ ಇಷ್ಟ ಆಯ್ತು, ಪ್ರತಿ ಬ್ಯಾಟರ್‌ನ ಶೂ ಬಿಚ್ಚಿಸಿ ಉದ್ದ ಅಳೀತಾರೆ, ಆ ಉದ್ದದ ಶೇಕಡಾ 53.5 ಪೆಟ್ಟಿಗೆಯ ಮೇಲಿನ ಗೆರೆ, ಶೇಕಡಾ 27 ಕೆಳಗಿನ ಗೆರೆ. ಯಾಂಕೀಸ್‌ನ ಆ್ಯರನ್ ಜಡ್ಜ್ 6 ಅಡಿ 7 ಇಂಚಿನ ಜನ, ಅವನ ಲೆಕ್ಕ ಹಾಕಿದ್ರೆ ನೆಲದಿಂದ ಸುಮಾರು 21 ಇಂಚಿಗೆ ಶುರು ಆಗಿ 42 ಇಂಚಿಗೆ ಮುಗೀತದೆ. ಹ್ಯೂಸ್ಟನ್‌ನ ಹೊಸೆ ಅಲ್ಟೂವೆ 5 ಅಡಿ 6 ಇಂಚು, ಅವನಿಗೆ ಸುಮಾರು 18ರಿಂದ 35. ಅಂದ್ರೆ ಜಡ್ಜ್‌ಗೆ ಎದೆ ಕೆಳಗೆ ಬಂದ ಒಳ್ಳೇ ಸ್ಟ್ರೈಕು ಅಲ್ಟೂವೆಗೆ ಬಾಲ್. ಮನುಷ್ಯನ ಕಣ್ಣಿಗೆ ಇಂಥ ಉದ್ದದ ಜನ ಬಂದಾಗಲೇ ಕಷ್ಟ ಆಗುದು, ಜಡ್ಜ್‌ನ ಮೊಣಕಾಲಿನ ಕೆಳಗೆ ಹೋದ ಚೆಂಡಿಗೆಲ್ಲ ಸ್ಟ್ರೈಕ್ ಕೊಟ್ಟದ್ದು ಎಷ್ಟೋ ಸಲ ಉಂಟು.

ಅಳತೆ ಮಾಡುದು ಯಾಕೆ ಮುಖ್ಯ ಅಂತ ಆರ್‌ಸಿಬಿ ಫ್ಯಾನ್ಸ್‌ಗೆ ಹೇಳ್ಬೇಕಾಗಿಲ್ಲ. 2024ರ ಏಪ್ರಿಲ್ 21, ಈಡನ್ ಗಾರ್ಡನ್ಸ್, ಹರ್ಷಿತ್ ರಾಣಾನ ಫುಲ್ ಟಾಸಿಗೆ ಕೊಹ್ಲಿ ಔಟ್. ಸೊಂಟಕ್ಕಿಂತ ಮೇಲೆ ಇತ್ತು ನೋ ಬಾಲ್ ಅಂತ ಇಡೀ ಕರ್ನಾಟಕ ಬೊಬ್ಬೆ ಹಾಕಿತು. ಆದ್ರೆ ಆ ವರ್ಷ ಐಪಿಎಲ್‌ನವರು ಆಟಗಾರರ ಸೊಂಟದ ಎತ್ತರ ಮೊದಲೇ ಅಳೆದು ಇಟ್ಟಿದ್ರು, ಕೊಹ್ಲಿಯದ್ದು 1.04 ಮೀಟರ್, ಅವ ಕ್ರೀಸಿನ ಒಳಗೆ ನಿಂತಿದ್ರೆ ಆ ಚೆಂಡು 0.92 ಮೀಟರಿನಲ್ಲಿ ಹೋಗ್ತಿತ್ತು. ಒಂದು ರನ್ನಲ್ಲಿ ಸೋತ ಮ್ಯಾಚ್ ಅದು, ಹೊಟ್ಟೆ ಉರಿ ಇದ್ದೇ ಇರ್ತದೆ, ಆದ್ರೆ ನಂಬರ್ ಮುಂದೆ ಇಟ್ಟ ಮೇಲೆ ಅಂಪೈರಿಗೆ ಬೈಲಿಕ್ಕೆ ಜಾಗ ಉಳೀಲಿಲ್ಲ. ನಿಯಮ ಪುಸ್ತಕದಲ್ಲಿ ಸೊಂಟ ಅಂತ ಬರೆದ್ರೆ ಸಾಲುದಿಲ್ಲ, ಯಾರ ಸೊಂಟ ಎಷ್ಟು ಅಂತ ಆಟಕ್ಕೆ ಮೊದಲು ತೀರ್ಮಾನ ಆಗ್ಬೇಕು. ಬೇಸ್‌ಬಾಲಿನ ಹಳೇ ನಿಯಮವೂ ಹಾಗೇ ಇದ್ದದ್ದು, ಹೆಗಲಿಗೂ ಪ್ಯಾಂಟಿನ ಮೇಲಿನ ಅಂಚಿಗೂ ನಡು ಮಧ್ಯ ಅಂತ. ಬ್ಯಾಟರ್ ಬಗ್ಗಿ ನಿಂತಾಗ ಆ ನಡು ಮಧ್ಯ ಎಲ್ಲಿ ಅಂತ ಒಬ್ಬೊಬ್ಬ ಅಂಪೈರಿಗೆ ಒಂದೊಂದು ಲೆಕ್ಕ. ಎಬಿಎಸ್‌ನಲ್ಲಿ ಬ್ಯಾಟರ್ ಎಷ್ಟು ಬಗ್ಗಿದ್ರೂ ಗೆರೆ ಅಲ್ಲಾಡುದಿಲ್ಲ.

ನಾನು ಲಾಯ್ಕ ಅಂದದ್ದು ಮುಖ್ಯವಾಗಿ ಚಾಲೆಂಜ್ ಮಾಡುವ ಕ್ರಮಕ್ಕೆ. ಒಂದು ಟೀಮಿಗೆ ಎರಡೇ. ಸರಿ ಆದ್ರೆ ಉಳೀತದೆ, ತಪ್ಪಿದ್ರೆ ಹೋಯ್ತು. ಕೇಳ್ಬಹುದಾದವ್ರು ಮೂರೇ ಜನ, ಬ್ಯಾಟರ್, ಪಿಚರ್, ಕ್ಯಾಚರ್. ತಲೆಯ ಟೊಪ್ಪಿಗೋ ಹೆಲ್ಮೆಟಿಗೋ ಕೈಯಲ್ಲಿ ತಟ್ಟಬೇಕು, ಅಂಪೈರ್ ಹೇಳಿದ ಕೂಡ್ಲೆ ತಟ್ಟಬೇಕು, ಡಗೌಟ್ ಕಡೆ ನೋಡಿ ಅಲ್ಲಿಂದ ಯಾರಾದ್ರೂ ಕೈಸನ್ನೆ ಮಾಡ್ತಾರಾ ಅಂತ ಕಾಯುವ ಹಾಗಿಲ್ಲ. ಸ್ಟೇಡಿಯಂನ ದೊಡ್ಡ ಸ್ಕ್ರೀನಲ್ಲಿ ಚೆಂಡು ಹೋದದ್ದು ಬರ್ತದೆ, ಪೆಟ್ಟಿಗೆಯ ಅಂಚಿಗೆ ಚೆಂಡಿನ ಒಂದು ಚೂರು ತಾಗಿದ್ರೂ ಸ್ಟ್ರೈಕ್, ಮುಗೀತು. 2025ರ ಸ್ಪ್ರಿಂಗ್ ಟ್ರೈನಿಂಗ್, ಅಂದ್ರೆ ಸೀಸನ್ ಶುರು ಆಗುವ ಮೊದಲಿನ ಅಭ್ಯಾಸದ ಮ್ಯಾಚುಗಳಲ್ಲಿ ಟ್ರಯಲ್ ಮಾಡಿದಾಗ ಒಂದು ಚಾಲೆಂಜಿಗೆ ಸರಾಸರಿ 13.8 ಸೆಕೆಂಡ್ ಹಿಡಿದದ್ದು. ನಮ್ಮಲ್ಲಿ ಕ್ಯಾಪ್ಟನ್, ಕೀಪರ್, ಬೌಲರ್, ಸ್ಲಿಪ್ಪಿನವ ಎಲ್ಲ ಸೇರಿ ಮೀಟಿಂಗ್ ಮಾಡ್ಲಿಕ್ಕೇ 15 ಸೆಕೆಂಡ್ ಕೊಡ್ತಾರೆ, ಅದರ ನಂತರ ಅಲ್ಟ್ರಾಎಡ್ಜ್, ಅದರ ನಂತರ ಬಾಲ್ ಟ್ರ್ಯಾಕಿಂಗ್.

ಡಗೌಟ್ ನೋಡ್ಬಾರ್ದು ಅನ್ನುವ ವಿಷಯ ಬಂದಾಗ ನನಗೆ ನೆನಪಾಗುದು 2017ರ ಮಾರ್ಚ್, ಬೆಂಗಳೂರು ಟೆಸ್ಟ್. ಸ್ಟೀವ್ ಸ್ಮಿತ್ ಎಲ್‌ಬಿ ಆದವ ರಿವ್ಯೂ ತಗೊಳ್ಳುದಾ ಬೇಡ್ವಾ ಅಂತ ಡ್ರೆಸ್ಸಿಂಗ್ ರೂಮ್ ಕಡೆ ತಿರುಗಿ ನೋಡಿದ, ಅಂಪೈರ್ ಬಂದು ತಡೆದ್ರು, ಕೊಹ್ಲಿ ಸಿಟ್ಟಲ್ಲಿ ಓಡಿ ಬಂದ. ಕೇಳುವವ ಚೆಂಡನ್ನ ತನ್ನ ಕಣ್ಣಲ್ಲಿ ನೋಡಿದವ ಆಗಿರ್ಬೇಕು, ಒಳಗೆ ಟಿವಿ ಮುಂದೆ ಕೂತವ ಅಲ್ಲ. ಬೇಸ್‌ಬಾಲಿನವ್ರು ಇದನ್ನ ಮೂರು ಜನಕ್ಕೆ ಮಾತ್ರ ಕೊಟ್ಟು ಸರಿ ಮಾಡಿದ್ದಾರೆ, ಮ್ಯಾನೇಜರಿಗೇ ಹಕ್ಕಿಲ್ಲ.

ಮತ್ತೆ ಎರಡೇ ಚಾಲೆಂಜ್ ಇರುದ್ರಿಂದ ಆಟಗಾರನಿಗೆ ಜವಾಬ್ದಾರಿ ಬರ್ತದೆ. ಅದೇ ಸ್ಪ್ರಿಂಗ್ ಮ್ಯಾಚುಗಳಲ್ಲಿ ನೂರರಲ್ಲಿ ಸುಮಾರು 52 ಸಲ ಅಂಪೈರ್ ಕೊಟ್ಟದ್ದು ಬದಲಾಯ್ತು, ಉಳಿದ 48 ಸಲ ಆಟಗಾರನೇ ತಪ್ಪು. ಮೂರು ಜನರಲ್ಲಿ ಹೆಚ್ಚು ಸರಿ ಹೇಳಿದ್ದು ಕ್ಯಾಚರ್‌ಗಳು, ಎಲ್ಲಕ್ಕಿಂತ ಕಡಿಮೆ ಪಿಚರ್‌ಗಳು. ಕ್ಯಾಚರ್ ಪ್ಲೇಟಿನ ಹಿಂದೆಯೇ ಕೂತವ, ಪಿಚರ್‌ಗೆ ತಾನು ಎಸೆದದ್ದೆಲ್ಲ ಒಳ್ಳೇದೇ ಅಂತ ಕಾಣ್ತದೆ, ನಮ್ಮ ಬೌಲರ್‌ಗಳ ಎಲ್‌ಬಿ ಅಪೀಲ್ ನೋಡಿ, ಹಾಗೇ. 2019ರಲ್ಲಿ ಹೆಡಿಂಗ್ಲಿಯಲ್ಲಿ ಆಸ್ಟ್ರೇಲಿಯಾದವ್ರು ಜಾಕ್ ಲೀಚ್ ಮೇಲೆ ಆಗದ ಒಂದು ಎಲ್‌ಬಿಗೆ ಕೊನೇ ರಿವ್ಯೂ ಹಾಳು ಮಾಡಿದ್ರು, ಮರು ಓವರಲ್ಲೇ ಲಯನ್ ಚೆಂಡಿಗೆ ಸ್ಟೋಕ್ಸ್ ಎಲ್‌ಬಿ ಆಗ್ಬೇಕಾದದ್ದು ಅಂಪೈರ್ ಕೊಡ್ಲಿಲ್ಲ, ಕೇಳ್ಲಿಕ್ಕೆ ರಿವ್ಯೂ ಇಲ್ಲ, ಟೆಸ್ಟೇ ಹೋಯ್ತು. ಅಂಪೈರ್ ತಪ್ಪು ಒಂದು, ಅದನ್ನ ತಿದ್ದುವ ದಾರಿ ಹಾಳು ಮಾಡಿಕೊಂಡ ತಪ್ಪು ಇನ್ನೊಂದು, ಎರಡನ್ನೂ ಲೆಕ್ಕಕ್ಕೆ ತಗೊಳ್ಬೇಕು ಅಂತ ನನ್ನ ಅಭಿಪ್ರಾಯ.

ಇನ್ನೊಂದು, ಅಂಪೈರ್ಸ್ ಕಾಲ್. ನಮ್ಮಲ್ಲಿ ಅದು ದೊಡ್ಡ ತಲೆನೋವು, ಚೆಂಡು ವಿಕೆಟಿಗೆ ತಾಗ್ತದೆ ಅಂತ ಸ್ಕ್ರೀನಲ್ಲಿ ಕಾಣ್ತದೆ ಆದ್ರೂ ನಾಟೌಟ್, ಹತ್ತು ವರ್ಷದ ಮಕ್ಕಳಿಗೆ ವಿವರಿಸ್ಲಿಕ್ಕೆ ಆಗುದಿಲ್ಲ. ಬೇಸ್‌ಬಾಲಲ್ಲಿ ಅದು ಇಲ್ಲ. ಆದ್ರೆ ಇದಕ್ಕೆ ಕ್ರಿಕೆಟಿನವ್ರನ್ನ ನಾನು ಬೈಯುದಿಲ್ಲ, ಕಾರಣ ಉಂಟು. ಎಲ್‌ಬಿಯಲ್ಲಿ ಚೆಂಡು ಪ್ಯಾಡಿಗೆ ತಾಗಿ ನಿಂತಾಗಿದೆ, ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗ್ತಿತ್ತು ಅಂತ ಕಂಪ್ಯೂಟರ್ ಊಹೆ ಮಾಡ್ಬೇಕು, ಊಹೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರ್ತದೆ, ಆ ಹೆಚ್ಚುಕಮ್ಮಿಯನ್ನ ಅಂಪೈರಿಗೆ ಬಿಟ್ಟದ್ದು. ಸ್ಟ್ರೈಕಿನಲ್ಲಿ ಊಹೆ ಇಲ್ಲ, ಚೆಂಡು ಪ್ಲೇಟನ್ನ ದಾಟಿ ಕ್ಯಾಚರ್ ಕೈ ಸೇರಿ ಆಗಿದೆ, ಕ್ಯಾಮೆರಾ ನೋಡಿದ್ದನ್ನ ಅಳೆದು ಹೇಳುದು ಅಷ್ಟೆ. ನಮ್ಮ ವೈಡ್ ಕೂಡ ಹಾಗೇ ಅಲ್ವಾ, ನಡೆದು ಹೋದ ಚೆಂಡು. ಐಪಿಎಲ್‌ನಲ್ಲಿ 2023ರಿಂದ ವೈಡಿಗೂ ನೋ ಬಾಲಿಗೂ ರಿವ್ಯೂ ತಗೊಳ್ಳಬಹುದು ಅಂತ ಮಾಡಿದ್ದು ಬಹಳ ಒಳ್ಳೇದಾಯ್ತು.

ಹಾಗಾದ್ರೆ ಎಲ್ಲಾ ಚೆಂಡಿಗೂ ಮಷಿನೇ ಹೇಳ್ಲಿ, ಅರ್ಧಂಬರ್ಧ ಯಾಕೆ ಅಂತ ನನ್ನ ತಮ್ಮ ಕೇಳ್ತಾನೆ. ಅದನ್ನೂ ಮಾಡಿ ನೋಡಿದ್ದಾರೆ. 2019ರ ಜುಲೈಯಲ್ಲಿ ಪೆನ್ಸಿಲ್ವೇನಿಯಾದ ಯಾರ್ಕ್ ಊರಲ್ಲಿ ಅಟ್ಲಾಂಟಿಕ್ ಲೀಗಿನ ಆಲ್‌ಸ್ಟಾರ್ ಮ್ಯಾಚು, ಅಂಪೈರ್ ಕಿವಿಗೆ ಇಯರ್‌ಫೋನ್ ಹಾಕಿ ನಿಂತಿದ್ರು, ರಡಾರ್ ಲೆಕ್ಕ ಹಾಕಿ ಕಿವಿಯಲ್ಲಿ ಹೇಳಿದ್ದನ್ನ ಅವರು ಬಾಯಲ್ಲಿ ಹೇಳಿದ್ದು. ಮೇಜರ್ ಲೀಗಿನ ಕೆಳಗಿನ ಟ್ರಿಪಲ್ ಎ ಮಟ್ಟದಲ್ಲಿ 2023ರಲ್ಲಿ ವಾರದ ಕೆಲವು ದಿನ ಪೂರ್ತಿ ಮಷಿನ್, ಉಳಿದ ದಿನ ಚಾಲೆಂಜ್ ಅಂತ ಎರಡೂ ಆಡಿಸಿದ್ರು. ಆಟಗಾರರಿಗೆ ಚಾಲೆಂಜೇ ಹೆಚ್ಚು ಹಿಡಿಸಿತು, 2024ರ ಜೂನ್‌ನಿಂದ ಅಲ್ಲಿ ಅದೊಂದೇ. ಕೊನೆಗೆ 2025ರ ಸೆಪ್ಟೆಂಬರಲ್ಲಿ ಮಾಲಕರ ಆರು ಜನ, ಆಟಗಾರರ ನಾಲ್ಕು ಜನ, ಒಬ್ಬ ಅಂಪೈರ್ ಇರುವ ಕಮಿಟಿ ಕೂತು ಪಾಸ್ ಮಾಡಿದ್ದು. ಏಳು ವರ್ಷ ಕೆಳಗಿನ ಲೀಗುಗಳಲ್ಲಿ ತಿದ್ದಿ ತಿದ್ದಿ ಮೇಲೆ ತಂದದ್ದು, ಆ ತಾಳ್ಮೆಗೆ ಮರ್ಯಾದೆ ಕೊಡ್ಬೇಕು.

ಪೂರ್ತಿ ಮಷಿನ್ ಬೇಕು ಅಂದವ್ರು ದಕ್ಷಿಣ ಕೊರಿಯಾ ನೋಡ್ಬಹುದು, ಅಲ್ಲಿ ಕೆಬಿಒ ಲೀಗಲ್ಲಿ 2024ರಿಂದ ಎಲ್ಲಾ ಚೆಂಡಿಗೂ ಎಬಿಎಸ್. ಅದೇ ವರ್ಷ ಏಪ್ರಿಲಲ್ಲಿ ಡೇಗುವಿನಲ್ಲಿ ಎನ್‌ಸಿ ಡೈನೋಸಿಗೂ ಸ್ಯಾಮ್‌ಸಂಗ್ ಲಯನ್ಸಿಗೂ ಮ್ಯಾಚು, ಮಷಿನ್ ಸ್ಟ್ರೈಕ್ ಅಂದಿದೆ, ಅಂಪೈರ್ ಬಾಲ್ ಅಂತ ಬಿಟ್ಟಿದ್ದಾರೆ. ಡೈನೋಸ್ ಮ್ಯಾನೇಜರ್ ಬಂದು ತಮ್ಮ ಟ್ಯಾಬಿನಲ್ಲಿ ಸ್ಟ್ರೈಕ್ ಉಂಟಲ್ಲ ಅಂತ ಕೇಳಿದ್ರು. ಅಂಪೈರ್‌ಗಳು ಗುಂಪು ಸೇರಿ, ಮಷಿನೇ ಬಾಲ್ ಅಂತ ಹೇಳಿದ್ದು ಅಂತ ಹೇಳುವ ಅಂತ ಮಾತಾಡಿಕೊಂಡದ್ದು ಟಿವಿಯ ಮೈಕಿಗೆ ಬಿತ್ತು! ಒಬ್ಬರ ಕಾಂಟ್ರ್ಯಾಕ್ಟ್ ರದ್ದು, ಇನ್ನಿಬ್ಬರಿಗೆ ಸಸ್ಪೆನ್ಷನ್. ನನಗೆ ಇದು ಓದಿ ಬೇಸರ ಆಯ್ತು. ಅಂಪೈರ್ ತಾನು ನೋಡಿ ಹೇಳಿದ್ದು ತಪ್ಪಾದ್ರೆ ಅದಕ್ಕೆ ಕ್ಷಮೆ ಉಂಟು, ಕಣ್ಣಿನ ತಪ್ಪು ಅದು. ಕಿವಿಯಲ್ಲಿ ಬಂದದ್ದನ್ನ ಹೇಳುವ ಕೆಲಸ ಮಾತ್ರ ಉಳಿದಾಗ ನೋಡುವ ಅಭ್ಯಾಸವೇ ಹೋಗ್ತದೆ, ಗಮನ ಹೋಗ್ತದೆ. ಚಾಲೆಂಜಿನಲ್ಲಿ ಅಂಪೈರ್ ಪ್ರತಿಯೊಂದು ಚೆಂಡನ್ನೂ ನೋಡ್ಲೇಬೇಕು, ಹೇಳ್ಲೇಬೇಕು.

ಪೂರ್ತಿ ಮಷಿನ್ ಬಂದ್ರೆ ಕ್ಯಾಚರ್‌ನ ಒಂದು ವಿದ್ಯೆಯೂ ಹೋಗ್ತದೆ. ಫ್ರೇಮಿಂಗ್ ಅಂತ ಹೇಳ್ತಾರೆ, ಅಂಚಿನಲ್ಲಿ ಬಂದ ಚೆಂಡನ್ನ ಹಿಡಿಯುವಾಗಲೇ ಗ್ಲೌಸನ್ನ ಮೆಲ್ಲ ಪೆಟ್ಟಿಗೆಯ ಒಳಗೆ ತರುದು. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನಲ್ಲಿದ್ದಾಗ ಪ್ಯಾಟ್ರಿಕ್ ಬೇಲಿ ಮಾಡುವುದನ್ನ ಸ್ಲೋ ಮೋಷನ್ನಲ್ಲಿ ನೋಡಿ. ಚೆಂಡು ಬರುವ ಮೊದಲು ಗ್ಲೌಸ್ ನೆಲದ ಹತ್ರ ಇರ್ತದೆ, ಚೆಂಡಿನ ಕೆಳಗಿಂದ ಕೈ ಮೇಲೆ ಬರ್ತದೆ, ಹಿಡಿದ ಜಾಗಕ್ಕೂ ನಿಲ್ಲಿಸಿದ ಜಾಗಕ್ಕೂ ನಾಲ್ಕು ಬೆರಳಿನ ವ್ಯತ್ಯಾಸ, ಆದ್ರೆ ಎಳೆದ ಹಾಗೆ ಕಾಣುದೇ ಇಲ್ಲ, ಮಣಿಕಟ್ಟು ಅಲುಗಾಡುದಿಲ್ಲ. ಇದು ಮೋಸ ಅಂತ ಹೇಳುವವ್ರು ಇದ್ದಾರೆ. ನನಗೆ ಹಾಗೆ ಅನಿಸುದಿಲ್ಲ, ಅಷ್ಟು ಸ್ಪೀಡಿನ ಚೆಂಡನ್ನ ಅಷ್ಟು ಮೆತ್ತಗೆ ತಗೊಳ್ಳಲಿಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಎರಡೇ ಚಾಲೆಂಜ್ ಇರುವ ತನಕ ಈ ವಿದ್ಯೆಗೆ ಬೆಲೆ ಉಂಟು, ಯಾಕಂದ್ರೆ ಬ್ಯಾಟರ್ ಪ್ರತಿ ಸಲ ಕೇಳ್ಲಿಕ್ಕೆ ಆಗುದಿಲ್ಲ.

ಅಂಪೈರಿಗೆ ಅವಮಾನ ಅಲ್ವಾ, ಸಾವಿರಾರು ಜನರ ಎದುರು ದೊಡ್ಡ ಸ್ಕ್ರೀನಲ್ಲಿ ತಪ್ಪು ತೋರಿಸುದು ಅಂತ ಕೆಲವರು ಕೇಳ್ತಾರೆ. ನಿಂತು ಗೊತ್ತಿದ್ದವ ನಾನು ಹೇಳ್ತೇನೆ, ತಿದ್ದಲಿಕ್ಕೆ ಆಗದ ತಪ್ಪಿನ ಭಾರ ಅದಕ್ಕಿಂತ ದೊಡ್ಡದು. 2010ರ ಜೂನ್ 2ರಂದು ಡೆಟ್ರಾಯಿಟಲ್ಲಿ ಅರ್ಮಾಂಡೋ ಗಲಾರಾಗ ಅನ್ನುವ ಪಿಚರ್ 26 ಬ್ಯಾಟರ್‌ಗಳನ್ನ ಸಾಲಾಗಿ ಔಟ್ ಮಾಡಿದ್ದ, ಇನ್ನೊಬ್ಬ ಔಟಾದ್ರೆ ಪರ್ಫೆಕ್ಟ್ ಗೇಮ್, ಅಂದ್ರೆ ಎದುರಿನವ್ರು ಒಬ್ಬರೂ ಬೇಸ್ ಮುಟ್ಟದ ಮ್ಯಾಚ್. 27ನೆಯವ ಫಸ್ಟ್ ಬೇಸಲ್ಲಿ ಸ್ಪಷ್ಟ ಔಟ್, ಅಂಪೈರ್ ಜಿಮ್ ಜಾಯ್ಸ್ ಸೇಫ್ ಕೊಟ್ರು. ಆಗ ಅಂಥದ್ದಕ್ಕೆ ವಿಡಿಯೋ ನೋಡುವ ನಿಯಮ ಇರ್ಲಿಲ್ಲ. ಮ್ಯಾಚ್ ಮುಗಿದ ಮೇಲೆ ವಿಡಿಯೋ ನೋಡಿ ಜಾಯ್ಸ್ ತಾವೇ ತಪ್ಪು ಒಪ್ಪಿಕೊಂಡು ಗಲಾರಾಗನ ಹತ್ರ ಕ್ಷಮೆ ಕೇಳಿದ್ರು, ಮರುದಿನದ ಮ್ಯಾಚಿಗೆ ಗಲಾರಾಗ ಟೀಮ್ ಲಿಸ್ಟ್ ಹಿಡ್ಕೊಂಡು ಬಂದು ಅವರ ಕೈಗೆ ಕೊಟ್ಟಾಗ ಅವರ ಕಣ್ಣಲ್ಲಿ ನೀರು. ಅಷ್ಟು ಒಳ್ಳೇ ಅಂಪೈರಿಗೆ ಹದಿನಾಲ್ಕು ಸೆಕೆಂಡಿನ ಒಂದು ಸಹಾಯ ಸಿಕ್ಕಿದ್ರೆ ಜೀವನ ಇಡೀ ಅದನ್ನ ಹೊರುವ ಅಗತ್ಯ ಇರ್ತಿರ್ಲಿಲ್ಲ.

ನಮ್ಮ ಕಡೆ ಈಗ ಸಾಧಾರಣ ದೊಡ್ಡ ಪಂದ್ಯಾಟ ಎಲ್ಲ ಯೂಟ್ಯೂಬ್ ಲೈವ್ ಇರ್ತದೆ. ಕಳೆದ ವರ್ಷ ಒಂದು ಹೊನಲು ಬೆಳಕಿನ ಪಂದ್ಯಾಟದಲ್ಲಿ ರಾತ್ರಿ ಒಂದು ಗಂಟೆ ಹೊತ್ತಿಗೆ ನಾನು ಲೆಗ್ ಅಂಪೈರ್, ರನೌಟ್ ಕೊಟ್ಟೆ, ಕೂಡ್ಲೆ ಹೊರಗಿಂದ ಹತ್ತು ಹದಿನೈದು ಜನ ಮೊಬೈಲ್ ಹಿಡ್ಕೊಂಡು ಒಳಗೆ. "ಅಂಪೈರಣ್ಣ, ಲೈವಲ್ಲಿ ಸ್ಪಷ್ಟ ಕಾಣ್ತದೆ, ಬ್ಯಾಟ್ ಒಳಗೆ ಉಂಟು, ಒಮ್ಮೆ ನೋಡಿ." ನೋಡಿದ್ರೆ ಆ ಕ್ಯಾಮೆರಾ ಬೌಲರ್ ಹಿಂದೆ ಪೆಂಡಾಲಿನ ಮೇಲೆ ಇಟ್ಟದ್ದು, ಅಲ್ಲಿಂದ ಕ್ರೀಸಿನ ಗೆರೆಯೇ ಸರಿ ಕಾಣುದಿಲ್ಲ, ಮಂಜು ಬಿದ್ದು ಸುಣ್ಣ ಅರ್ಧ ಅಳಿಸಿ ಹೋಗಿದೆ. "ಇದರಲ್ಲಿ ಗೆರೆ ಎಲ್ಲುಂಟು ತೋರ್ಸು ತಮ್ಮ" ಅಂದೆ, ತೋರಿಸ್ಲಿಕ್ಕೆ ಆಗ್ಲಿಲ್ಲ ಅವನಿಗೆ. ಆದ್ರೂ ಆಟ ನಿಂತದ್ದು ನಿಂತದ್ದೇ, ಎರಡು ಕಡೆಯ ಕ್ಯಾಪ್ಟನ್‌ಗಳನ್ನ ಕಮಿಟಿಯವ್ರು ಕರೆದು ಸಮಾಧಾನ ಮಾಡುವಾಗ ತುಂಬಾ ಹೊತ್ತಾಯ್ತು. ಬೇಸ್‌ಬಾಲ್ ಟಿವಿಯಲ್ಲೂ ಇದೇ ಕತೆ, ಪಿಚರ್ ಹಿಂದಿನ ಕ್ಯಾಮೆರಾ ಹೆಚ್ಚಾಗಿ ನಡು ಮಧ್ಯದಲ್ಲಿ ಇರುದಿಲ್ಲ, ಸ್ವಲ್ಪ ಬದಿಗೆ ಇರ್ತದೆ, ಮನೆಯಲ್ಲಿ ಕೂತವನಿಗೆ ಹೊರಗಿನ ಚೆಂಡು ಒಳಗೆ ಹೋದ ಹಾಗೆ ಕಾಣ್ತದೆ. ಅಲ್ಲಿ ಅದಕ್ಕೇ 12 ಕ್ಯಾಮೆರಾ. ನಮ್ಮಲ್ಲಿ 12 ಆಗ್ಲಿಕ್ಕಿಲ್ಲ, ಆದ್ರೆ ಸರಿಯಾದ ಜಾಗದಲ್ಲಿ ಎರಡು ಆಗ್ತದೆ.

ಹಾಗಾಗಿ ದೀಪಾವಳಿ ಕಳೆದು ಪಂದ್ಯಾಟಗಳು ಶುರು ಆಗುವ ಮೊದಲು ನಮ್ಮ ಊರಿನ ಕಮಿಟಿಯವ್ರ ಹತ್ರ ನಾನು ಹೀಗೆ ಮಾಡುವ ಅಂತ ಹೇಳಿದ್ದೇನೆ. ಎರಡೂ ಕ್ರೀಸಿಗೆ ಸಮ ಆಗಿ, ಗೆರೆಯ ನೇರಕ್ಕೆ, ಬೌಂಡರಿ ಹೊರಗೆ ಸ್ಟ್ಯಾಂಡಲ್ಲಿ ಒಂದೊಂದು ಮೊಬೈಲ್, ಇನಿಂಗ್ಸ್ ಮಧ್ಯದಲ್ಲಿ ಗೆರೆಗೆ ಮತ್ತೆ ಸುಣ್ಣ. ರನೌಟ್ ಮತ್ತೆ ಸ್ಟಂಪಿಂಗಿಗೆ ಮಾತ್ರ. ಒಂದು ಟೀಮಿಗೆ ಒಂದು ಚಾಲೆಂಜ್, ಸರಿ ಆದ್ರೆ ಉಳೀತದೆ. ಕೇಳ್ಬೇಕಾದವ ಆ ಬ್ಯಾಟ್ಸ್‌ಮನ್, ಇಲ್ಲಾ ಬೌಲರ್, ಇಲ್ಲಾ ಕೀಪರ್, ಬೇರೆ ಯಾರೂ ಅಲ್ಲ, ಅಂಪೈರ್ ಕೈ ಎತ್ತಿದ ಕೂಡ್ಲೆ ಕೇಳ್ಬೇಕು. ಹೊರಗಿಂದ ಯಾರಾದ್ರೂ ಬೊಬ್ಬೆ ಹಾಕಿ ಹೇಳಿದ್ರೆ ಆ ಚಾಲೆಂಜ್ ಇಲ್ಲ. ಮೊಬೈಲಲ್ಲಿ ಗೆರೆ ಕಾಣದಿದ್ರೆ ಅಂಪೈರ್ ಕೊಟ್ಟದ್ದೇ ನಿಲ್ತದೆ. ಸೆಕ್ರೆಟರಿ ಸರಿ ಅಂತ ಹೇಳಿದ್ದಾರೆ, ಸ್ಟ್ಯಾಂಡ್ ತರುದು ಯಾರು ಅಂತ ಮುಂದಿನ ಮೀಟಿಂಗಲ್ಲಿ ತೀರ್ಮಾನ.